ಅರಿವಿಗೆ ಅವಕಾಶ: ನವೀಕರಣಗೊಳ್ಳದ ಗಣಕಯಂತ್ರವೊಂದರ ಪ್ರಸಂಗ

ಹನ್ನೆರಡನೆಯ ಶತಮಾನದ ಶರಣರು ತಮ್ಮ ತಮ್ಮ ಕಾಯಕದ ಉಪಕರಣಗಳನ್ನೇ ಅನುಭಾವದ ಮಾತಿಗೆ ಸಾಧನವನ್ನಾಗಿ ಮಾಡಿಕೊಂಡವರು. ಅವರಿಗಿಂತ ಮುಂಚಿನ ಜೇಡರ ದಾಸಿಮಯ್ಯನವರಿಗೆ ಮಗ್ಗ, ಕದಿರ ರೆಮ್ಮವ್ವೆಯವರಿಗೆ ನೂಲುವ ಕದಿರು, ಅಂಬಿಗರ ಚೌಡಯ್ಯನವರಿಗೆ ದೋಣಿ ಮತ್ತು ಹುಟ್ಟು. ಉಪಕರಣವು ಸರಿಯಾಗಿ ನಡೆಯುವಾಗ ಅದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಅದು ಕೆಟ್ಟು ನಿಂತಾಗಲೇ ಅದರ ಒಳಗನ್ನು ನೋಡುವ ಪ್ರಸಂಗ ಬರುತ್ತದೆ. ನೂಲು ಕಡಿದಾಗ ಎಲ್ಲಿ ಕಡಿಯಿತೆಂದು ಹುಡುಕುವವನು ನೇಕಾರ. ಸಿಟ್ಟಿನಿಂದ ಹಾಸನ್ನೇ ಕತ್ತರಿಸಿ ಎಸೆಯುವವನು ನೇಕಾರನಲ್ಲ. ಇಂದಿನ ದಿನಮಾನಗಳಲ್ಲಿ ಗಣಕಯಂತ್ರವೂ ಮನೆಮನೆಯ ಕಾಯಕದ ಉಪಕರಣವಾಗಿದೆ. ಅದು ಕೆಟ್ಟು ನಿಂತಾಗ ಮನುಷ್ಯನು ಹೇಗೆ ನಡೆದುಕೊಳ್ಳಬೇಕು ಎಂಬುದೂ ವಿಚಾರ ಮಾಡತಕ್ಕ ಸಂಗತಿಯೇ ಆಗಿದೆ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಒಬ್ಬ ನಿವೃತ್ತ ಕನ್ನಡ ಮಾಸ್ತರರಿದ್ದಾರೆ. ಹುನಗುಂದದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿದವರು. ವಚನಗಳಲ್ಲಿ ಬರುವ ಕಾಯಕದ ಪದಗಳಿಗೆ ನಿಘಂಟಿನ ಅರ್ಥವಷ್ಟೇ ಸಾಲದು, ಆ ಕೆಲಸ ಮಾಡುವವರ ಬಾಯಿಂದಲೇ ಅರ್ಥ ಕೇಳಬೇಕು ಎಂಬ ಹಂಬಲ ಅವರಿಗೆ ಮೊದಲಿನಿಂದಲೂ ಇತ್ತು. ಅದಕ್ಕಾಗಿ ಅವರು ರಜೆಯ ದಿನಗಳಲ್ಲಿ ಇಳಕಲ್ಲಿನ ಸೀರೆ ನೇಯುವವರ ಮನೆಗಳಿಗೆ, ಅಂದು ಬಾದಾಮಿ ತಾಲೂಕಿಗೆ ಸೇರಿದ್ದ ಗುಳೇದಗುಡ್ಡದ ಖಣ ನೇಯುವವರ ಮನೆಗಳಿಗೆ ಹೋಗಿ ಕುಳಿತರು. ಹಾಸು, ಹೊಕ್ಕು, ಲಾಳಿ, ಕಂಡಿಕೆ, ಹಣಿಗೆ ಎಂದು ಒಂದೊಂದೇ ಪದವನ್ನು ಕೇಳಿ ಬರೆದುಕೊಂಡರು. ಹದಿನೈದು ವರ್ಷಗಳ ಈ ಸಂಗ್ರಹವನ್ನೆಲ್ಲ ಮನೆಯ ಗಣಕಯಂತ್ರದಲ್ಲಿ ತಾವೇ ಬೆರಳಚ್ಚು ಮಾಡಿ ಇಟ್ಟಿದ್ದರು. ಅವರಿಗೆ ಪದ ಹೇಳಿಕೊಟ್ಟ ಹಿರಿಯರಲ್ಲಿ ಅನೇಕರು ಇಂದು ಇಲ್ಲ. ಅವರ ಮಾತು ಉಳಿದದ್ದು ಆ ಯಂತ್ರದೊಳಗೆ ಮಾತ್ರ.

2024ರ ಜನವರಿಯಲ್ಲಿ ಈ ಯಂತ್ರಕ್ಕೆ ಒಂದು ತೊಡಕು ಬಂದಿತು. ಅದರಲ್ಲಿದ್ದುದು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆ. ಇಂಥ ವ್ಯವಸ್ಥೆಗೆ ತಿಂಗಳಿಗೊಮ್ಮೆ ನವೀಕರಣಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಆದರೆ ಆ ತಿಂಗಳು ಬಂದವುಗಳಲ್ಲಿ ಒಂದು ಮಾತ್ರ ಸೇರಿಕೊಳ್ಳಲು ಒಲ್ಲೆನೆಂದಿತು. ಅರ್ಧ ದಾರಿಯವರೆಗೆ ಹೋಗುವುದು, ನಿಲ್ಲುವುದು, 80070643 ಎಂಬ ದೋಷಸಂಖ್ಯೆಯನ್ನು ತೋರಿಸುವುದು. ‘ಮತ್ತೆ ಪ್ರಯತ್ನಿಸಿ’ ಎಂಬ ಗುಂಡಿಯನ್ನು ಒತ್ತಿದರೆ ಮತ್ತೆ ಅದೇ ಸಂಖ್ಯೆ. ಮಾಸ್ತರರು ಆ ಗುಂಡಿಯನ್ನು ಎಷ್ಟು ಸಲ ಒತ್ತಿದರೋ ಲೆಕ್ಕವಿಲ್ಲ. ಯಂತ್ರವನ್ನು ಆರಿಸಿ ಹಚ್ಚಿದರು, ಒಂದು ದಿನ ಬಿಟ್ಟು ನೋಡಿದರು. ಫಲ ಒಂದೇ. ಆ ಸಂಖ್ಯೆಯ ಅರ್ಥವಾದರೂ ಏನು? ‘ಸ್ಥಾಪನೆ ವಿಫಲವಾಯಿತು’ ಎಂಬುದಷ್ಟೇ. ಜ್ವರ ಬಂದವನಿಗೆ ‘ನಿಮಗೆ ಜ್ವರ ಬಂದಿದೆ’ ಎಂದು ಹೇಳಿದಂತೆ ಇದು. ಆಗಿರುವುದನ್ನು ಹೇಳುತ್ತದೆ, ಏಕೆ ಆಯಿತೆಂಬುದನ್ನು ಹೇಳುವುದಿಲ್ಲ.

ಬಾಗಲಕೋಟೆಗೆ ಹೋದಾಗ ಅವರು ಒಂದು ರಿಪೇರಿ ಅಂಗಡಿಯಲ್ಲಿ ವಿಚಾರಿಸಿದರು. “ಫಾರ್ಮ್ಯಾಟ್ ಹೊಡದು ಹೊಸದಾಗಿ ಹಾಕಿಬಿಡ್ತೀನ್ರಿ ಸರ್, ಎರಡು ತಾಸಿನ ಕೆಲಸ” ಎಂಬ ಉತ್ತರ ಬಂದಿತು. ಅಂಗಡಿಯವನದು ತಪ್ಪಿಲ್ಲ, ಅವನ ಬಳಿಗೆ ಬರುವ ಹೆಚ್ಚಿನವರಿಗೆ ಬೇಕಾದುದು ನಡೆಯುವ ಯಂತ್ರ, ಅಷ್ಟೇ. ಆದರೆ ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಒರೆಸಿ ಮೊದಲಿನಿಂದ ಆರಂಭಿಸುವುದು. ಹದಿನೈದು ವರ್ಷಗಳ ಪದಸಂಗ್ರಹವು ಎರಡು ತಾಸಿನಲ್ಲಿ ಇಲ್ಲದಂತಾಗಬಹುದಿತ್ತು. ಮಾಸ್ತರರು ಮರುಮಾತಾಡದೆ ಇಳಕಲ್ಲಿಗೆ ಮರಳಿದರು.

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅವರ ಮೊಮ್ಮಗಳು ವಾರದ ರಜೆಗೆ ಊರಿಗೆ ಬಂದಳು. ಅಜ್ಜನ ಮುಖ ನೋಡಿಯೇ ಏನೋ ಆಗಿದೆಯೆಂದು ತಿಳಿದಳು. ಯಂತ್ರದ ಮುಂದೆ ಕುಳಿತವಳು ‘ಮತ್ತೆ ಪ್ರಯತ್ನಿಸಿ’ ಎಂಬ ಗುಂಡಿಯನ್ನು ಮುಟ್ಟಲಿಲ್ಲ. “ಅಜ್ಜಾ, ಮೊದಲ ನಿಮ್ಮ ಬರಹ ಹೊರಗ ತಗಿಯೂಣು. ಯಂತ್ರದ ಮಾತು ಆಮ್ಯಾಲೆ” ಎಂದಳು.

ಈ ಮಾತು ಮಾಸ್ತರರಿಗೆ ಒಮ್ಮೆಲೇ ಹಿಡಿಸಿತು. ಅವರ ಅಕ್ಕನ ಮನೆ ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿ, ಮುಳುಗಡೆಯಾದ ಕುಟುಂಬಗಳು ನವನಗರಕ್ಕೆ ಸ್ಥಳಾಂತರಗೊಂಡ ಕಾಲದಲ್ಲಿ ಅಕ್ಕನ ಮನೆಯವರೂ ಹೊರಟರು. ಜನರು ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಗಾಡಿಗೆ ಹೇರುತ್ತಿದ್ದರು. ಅಕ್ಕ ಮಾತ್ರ ಅವೆಲ್ಲಕ್ಕಿಂತ ಮೊದಲು ಮನೆಯ ಕಾಗದಪತ್ರಗಳನ್ನೂ ತಾಯಿಯ ವಚನದ ಕೈಬರಹದ ವಹಿಯನ್ನೂ ಬಟ್ಟೆಯಲ್ಲಿ ಕಟ್ಟಿ ಉಡಿಯಲ್ಲಿ ಇಟ್ಟುಕೊಂಡಿದ್ದರು. ಬಾಗಿಲು ಮತ್ತೆ ಮಾಡಿಸಬಹುದು, ತಾಯಿಯ ಅಕ್ಷರ ಮತ್ತೆ ಬರುವುದಿಲ್ಲ. ಮನೆ ಬಿಡುವಾಗ ಯಾವುದು ಮೊದಲು ಎಂಬುದನ್ನು ಅರಿತವರಿಗೆ ಯಂತ್ರದ ದುರಸ್ತಿಯಲ್ಲಿಯೂ ಯಾವುದು ಮೊದಲು ಎಂಬುದು ಹೊಸದಾಗಿ ಹೇಳಿಸಿಕೊಳ್ಳಬೇಕಾದ ಮಾತಲ್ಲ.

ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೂ ಒಂದು ಹೊರ ಹಾರ್ಡ್‌ಡಿಸ್ಕಿಗೂ ಪ್ರತಿ ಮಾಡಲಾಯಿತು. ಪ್ರತಿ ಆದ ಮೇಲೆ ಮೊಮ್ಮಗಳು ಅವುಗಳನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಳು. ಆಗ ಇನ್ನೊಂದು ಅಪಾಯ ಬೆಳಕಿಗೆ ಬಂದಿತು. ಪರದೆಯ ಮೇಲೆ ಕನ್ನಡವಿರಲಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿ ನಿಂತಿದ್ದವು. ಮಾಸ್ತರರು ಗಾಬರಿಯಾದರು. ಕಾರಣ ಸರಳವಾಗಿತ್ತು. ಅವರು ಬೆರಳಚ್ಚು ಮಾಡಿದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ. ಆ ಪದ್ಧತಿಯಲ್ಲಿ ಯಂತ್ರವು ಒಳಗೆ ಇಟ್ಟುಕೊಳ್ಳುವುದು ರೋಮನ್ ಅಕ್ಷರಗಳ ಸಂಕೇತಗಳನ್ನೇ. ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುವುದು ಆ ಅಕ್ಷರಶೈಲಿ. ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಹೊದಿಕೆ ಕಳಚಿ ಬೀಳುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಯಂತ್ರದಲ್ಲಿಯೂ ಹೀಗೆಯೇ ಆಗುತ್ತಿತ್ತು. ಕಡತಗಳು ಉಳಿದಿದ್ದರೂ ಓದಲು ಬಾರದೆ, ‘ಕೆಟ್ಟುಹೋಗಿವೆ’ ಎಂದು ಯಾರಾದರೂ ಅಳಿಸಿಬಿಡುವ ಸಂಭವವಿತ್ತು.

ಯೂನಿಕೋಡ್ ಪದ್ಧತಿಯಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಕೇತಸಂಖ್ಯೆ ಇದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯೂ ಜೊತೆಗೇ ಬಂದಿತು. ಆದರೂ ರೂಢಿಯ ಬಲದಿಂದ ಹಳೆಯ ಶೈಲಿಯಲ್ಲಿ ಬರೆದಿಟ್ಟ ಕನ್ನಡವು ನಾಡಿನ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ, ಮಠಗಳಲ್ಲಿ ಉಳಿದುಕೊಂಡಿದೆ. ಮೊಮ್ಮಗಳು ಪರಿವರ್ತಕ ತಂತ್ರಾಂಶದಿಂದ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸಿದಳು. ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಸ್ಥಾನಪಲ್ಲಟಗೊಂಡಿದ್ದವು. ಅವುಗಳನ್ನು ಮಾಸ್ತರರು ಸಾಲುಸಾಲಾಗಿ ಓದಿ ತಿದ್ದಿದರು. ಹಳೆಯ ಕಡತಗಳನ್ನು ಅಳಿಸಲಿಲ್ಲ. ಮೂಲವೆಂದು ಬೇರೆಯಾಗಿ ಇಟ್ಟರು.

ಇದೆಲ್ಲ ಮುಗಿದ ಮೇಲೆಯೇ ಅವರು ನವೀಕರಣದ ತೊಡಕಿಗೆ ಕೈ ಹಾಕಿದ್ದು. ಸೇರಿಕೊಳ್ಳದೆ ಉಳಿದ ನವೀಕರಣದ ಸಂಖ್ಯೆ 5034441. ಅದು 2024ರ ಜನವರಿ 9ರಂದು ಬಿಡುಗಡೆಯಾದದ್ದು. ಬಿಟ್‌ಲಾಕರ್ ಎಂಬ ಗೂಢಲಿಪಿಯ ರಕ್ಷಣೆಯನ್ನು, ಯಂತ್ರವು ಕೈಗೆ ಸಿಕ್ಕವರು ಅಡ್ಡದಾರಿಯಿಂದ ದಾಟಬಹುದಾಗಿದ್ದ ಒಂದು ದೋಷವನ್ನು ಮುಚ್ಚುವುದು ಅದರ ಉದ್ದೇಶ. ಆ ಅಡ್ಡದಾರಿ ಇದ್ದದ್ದು ಯಂತ್ರದ ದುರಸ್ತಿಯ ಕೋಣೆಯಲ್ಲಿ. ಹಾರ್ಡ್‌ಡಿಸ್ಕಿನಲ್ಲಿ ನಮಗೆ ದಿನನಿತ್ಯ ಕಾಣುವ ‘ಸಿ’ ಭಾಗದ ಹೊರತಾಗಿ, ಕಣ್ಣಿಗೆ ಬೀಳದ ಒಂದು ಚಿಕ್ಕ ಭಾಗವಿರುತ್ತದೆ. ಅದಕ್ಕೆ ರಿಕವರಿ ಪಾರ್ಟಿಷನ್ ಎನ್ನುತ್ತಾರೆ. ವ್ಯವಸ್ಥೆಯು ಏಳಲಾರದಷ್ಟು ಕೆಟ್ಟಾಗ ಅದನ್ನು ಎಬ್ಬಿಸುವ ಸಾಧನಗಳನ್ನು ಅಲ್ಲಿ ಇಟ್ಟಿರುತ್ತಾರೆ. ಹೊಸ ನವೀಕರಣವು ಈ ಕೋಣೆಯೊಳಗಿನ ಸಾಧನಗಳನ್ನೇ ಬದಲಾಯಿಸಬೇಕಾಗಿತ್ತು. ಅದಕ್ಕೆ ಅಲ್ಲಿ ಸುಮಾರು 250 ಎಂಬಿಯಷ್ಟು ಖಾಲಿ ಜಾಗ ಬೇಕಿತ್ತು. ಹಿಂದಿನ ವರ್ಷಗಳಲ್ಲಿ ಸಿದ್ಧಪಡಿಸಿದ ಅನೇಕ ಯಂತ್ರಗಳಲ್ಲಿ ಆ ಕೋಣೆಯನ್ನು ಬಹಳ ಚಿಕ್ಕದಾಗಿ ಕಟ್ಟಲಾಗಿತ್ತು. ಹೀಗಾಗಿ ಜಗತ್ತಿನಾದ್ಯಂತ ಬಹಳ ಜನರ ಮನೆಯ ಯಂತ್ರಗಳಲ್ಲಿ ಇದೇ ದೋಷಸಂಖ್ಯೆ ಕಾಣಿಸಿಕೊಂಡಿತು.

“ಅಜ್ಜಾ, ಯಂತ್ರ ಕೆಟ್ಟಿಲ್ಲ. ರಿಪೇರಿ ಖೋಲಿಯೊಳಗ ಜಾಗ ಸಾಲವಲ್ದು” ಎಂದು ಮೊಮ್ಮಗಳು ಹೇಳಿದಳು. ಮಾಸ್ತರರಿಗೆ ಸಮಾಧಾನವೂ ಆಯಿತು, ವಿಸ್ಮಯವೂ ಆಯಿತು. ‘ಸಿ’ ಭಾಗದಲ್ಲಿ ನೂರಾರು ಪಟ್ಟು ಜಾಗ ಬರಿದಾಗಿ ಬಿದ್ದಿತ್ತು. ಆದರೆ ಬೇಕಾದ ಕಡೆಗೆ ಇರಲಿಲ್ಲ. ದೊಡ್ಡ ಮನೆ, ವಿಶಾಲವಾದ ಪಡಸಾಲೆ. ಆದರೆ ಮದ್ದು ಇಡುವ ಗೂಡು ಮಾತ್ರ ತುಂಬಿ ತುಳುಕುತ್ತಿದೆ. ಹೊಸ ಮದ್ದು ಬಂದು ಬಾಗಿಲಲ್ಲಿ ನಿಂತಿದೆ, ಒಳಗೆ ಬರಲು ಎಡೆಯಿಲ್ಲ.

ತಯಾರಕರು ತಿಳಿಸಿದ್ದ ಇನ್ನೊಂದು ಸಂಗತಿಯನ್ನೂ ಅವಳು ಅಜ್ಜನಿಗೆ ಹೇಳಿದಳು. ದುರಸ್ತಿಯ ಕೋಣೆಯೇ ಇಲ್ಲದ ಯಂತ್ರಗಳಿಗೆ ಈ ನವೀಕರಣದ ಅಗತ್ಯವಿಲ್ಲ, ಅಂಥವರು ದೋಷಸಂದೇಶವನ್ನು ಲೆಕ್ಕಿಸಬೇಕಾಗಿಲ್ಲ. ಆ ತಿಂಗಳ ಉಳಿದ ನವೀಕರಣಗಳು ಬೇರೆಯಾಗಿ ಸೇರಿಕೊಂಡಿದ್ದವು. ಅಂದಮೇಲೆ ಯಂತ್ರವು ಇಂದೋ ನಾಳೆಯೋ ಸತ್ತುಹೋಗುತ್ತದೆಂಬ ಭಯಕ್ಕೆ ಆಧಾರವಿರಲಿಲ್ಲ. ಕಾರಣ ತಿಳಿಯದಾಗ ಸಣ್ಣ ದೋಷವೂ ಮೃತ್ಯುವಿನಂತೆ ಕಾಣುತ್ತದೆ. ಕಾರಣ ತಿಳಿದಾಗ ಅದು ತನ್ನ ಅಳತೆಗೆ ಇಳಿಯುತ್ತದೆ. ಆದರೂ ಮಾಸ್ತರರ ಯಂತ್ರದಲ್ಲಿ ಆ ಕೋಣೆ ಇತ್ತು, ಅದು ಸುಸ್ಥಿತಿಯಲ್ಲಿರಬೇಕೆಂಬುದು ಇಬ್ಬರ ಮನಸ್ಸಿನಲ್ಲಿಯೂ ಇತ್ತು.

ಪರಿಹಾರದ ಕ್ರಮ ಹೀಗಿತ್ತು. ದುರಸ್ತಿಯ ಕೋಣೆಯು ‘ಸಿ’ ಭಾಗದ ಬೆನ್ನಿಗೇ ಇರಬೇಕು. ಮೊದಲು ರೀಏಜೆಂಟ್‌ಸಿ ಎಂಬ ಆಜ್ಞೆಯಿಂದ ಆ ಕೋಣೆ ಎಲ್ಲಿದೆಯೆಂದು ಕೇಳಿ ತಿಳಿಯಬೇಕು. ಅದೇ ಆಜ್ಞೆಯಿಂದ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಆಗ ಅದರೊಳಗಿನ ಸಾಧನಗಳು ‘ಸಿ’ ಭಾಗಕ್ಕೆ ಬಂದು ಕುಳಿತುಕೊಳ್ಳುತ್ತವೆ. ಬಳಿಕ ಡಿಸ್ಕ್‌ಪಾರ್ಟ್ ಎಂಬ ಸಾಧನದಿಂದ ‘ಸಿ’ ಭಾಗವನ್ನು 250 ಎಂಬಿಯಷ್ಟು ಕುಗ್ಗಿಸಬೇಕು. ಹಳೆಯ ಚಿಕ್ಕ ಕೋಣೆಯನ್ನು ತೆಗೆದುಹಾಕಬೇಕು. ಅದರ ಜಾಗವನ್ನೂ ಕುಗ್ಗಿಸಿ ಪಡೆದ ಜಾಗವನ್ನೂ ಕೂಡಿಸಿ ದೊಡ್ಡ ಕೋಣೆಯನ್ನು ಕಟ್ಟಬೇಕು. ಕೊನೆಗೆ ಮತ್ತೆ ರೀಏಜೆಂಟ್‌ಸಿಯಿಂದ ಅದನ್ನು ಎಚ್ಚರಿಸಿ, ಸಾಧನಗಳು ಹೊಸ ಕೋಣೆಗೆ ಸೇರಿದವೇ ಎಂದು ಪರೀಕ್ಷಿಸಬೇಕು. ಇದು ತಾನಾಗಿ ಆಗುವ ಕೆಲಸವಲ್ಲ. ಸ್ವಯಂಚಾಲಿತ ಪರಿಹಾರ ದೊರೆಯುವುದಿಲ್ಲವೆಂದೂ ಕೈಯಿಂದಲೇ ಮಾಡಬೇಕೆಂದೂ ತಯಾರಕರು ಆ ವರ್ಷವೇ ತಿಳಿಸಿದರು.

ಮೊಮ್ಮಗಳು ಇದನ್ನು ಓಣಿಯ ಮಾತಿನಲ್ಲಿಯೇ ವಿವರಿಸಿದಳು: “ಸೀರಿ ಇದ್ಧಂಗ ತಿಳೀರಿ ಅಜ್ಜಾ. ಒಡಲಿನ ತುದಿಗೆ ಸೆರಗು ಐತಿ. ಸೆರಗು ಗಿಡ್ಡ ಆಗೇತಿ. ಒಡಲಿನೊಳಗ ಒಂದೀಟು ಕಡಿಮಿ ಮಾಡಿ ಸೆರಗಿಗೆ ಕೊಡೋದು.” ಮಾಸ್ತರರು ನಕ್ಕರು. ಹದಿನೈದು ವರ್ಷ ಮಗ್ಗದ ಮಾತನ್ನು ಬರೆದುಕೊಂಡವರಿಗೆ ಅದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿರಲಿಲ್ಲ.

ಆದರೆ ಅಂದೇ ಕೆಲಸ ಆರಂಭವಾಗಲಿಲ್ಲ. ಭಾಗಗಳನ್ನು ಕುಗ್ಗಿಸುವ ನಡುವೆ ವಿದ್ಯುತ್ತು ಹೋದರೆ ಡಿಸ್ಕಿನ ರಚನೆಯೇ ಅಸ್ತವ್ಯಸ್ತವಾಗಬಹುದು. ಓಣಿಯಲ್ಲಿ ಕರೆಂಟಿನ ಭರವಸೆ ಇರಲಿಲ್ಲ. ಯುಪಿಎಸ್ ತಂದು ಜೋಡಿಸುವವರೆಗೆ ಅವರು ಒಂದು ವಾರ ಕಾದರು. ಅವಸರದವನಿಗೆ ಈ ವಾರವು ವ್ಯರ್ಥವೆನಿಸೀತು. ಸಿದ್ಧತೆಯನ್ನೂ ಕಾಯಕವೆಂದೇ ಬಗೆದವನಿಗೆ ಹಾಗೆನಿಸದು.

ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಯಂತ್ರದ ಮುಂದೆ ಕುಳಿತರು. ಎಲ್ಲಕ್ಕಿಂತ ಕಠಿಣವಾದ ಗಳಿಗೆ ಹಳೆಯ ಕೋಣೆಯನ್ನು ಅಳಿಸುವ ಗಳಿಗೆ. ಡಿಸ್ಕ್‌ಪಾರ್ಟ್ ಸಾಧನವು ಭಾಗಗಳನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಆಯ್ಕೆ ಮಾಡಿಸುತ್ತದೆ. ಒಂದು ಅಂಕಿ ತಪ್ಪಿದರೆ ದುರಸ್ತಿಯ ಕೋಣೆಯ ಬದಲು ಬೇರೊಂದು ಭಾಗವು ಅಳಿದುಹೋಗಬಹುದು. ಅದು ‘ಖಚಿತವೇ?’ ಎಂದು ಮರಳಿ ಕೇಳುವುದೂ ಇಲ್ಲ. ಅದಕ್ಕಾಗಿ ಅವರು ಒಂದು ನಿಯಮ ಮಾಡಿಕೊಂಡರು. ಮೊಮ್ಮಗಳು ಆಜ್ಞೆಯನ್ನು ಬರೆಯುವುದು. ಮಾಸ್ತರರು ಪಟ್ಟಿಯಲ್ಲಿನ ಸಂಖ್ಯೆ, ಬಗೆ, ಅಳತೆ ಈ ಮೂರನ್ನೂ ಗಟ್ಟಿಯಾಗಿ ಓದುವುದು. ಮೂರೂ ಹೊಂದಿದ ಮೇಲೆಯೇ ಎಂಟರ್ ಒತ್ತುವುದು. “ನಾಲ್ಕನೆಯದು, ರಿಕವರಿ, ಐದುನೂರು ಎಂಬಿ” ಎಂದು ಮಾಸ್ತರರು ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಧ್ವನಿಯಲ್ಲಿಯೇ ಓದಿದರು. “ಹೌದ್ರಿ ಅಜ್ಜಾ” ಎಂದು ಅವಳು ಒಪ್ಪಿದಳು. ಕೀಲಿ ಒತ್ತಿದಳು. ಡಿಸ್ಕಿನ ನಕ್ಷೆಯಲ್ಲಿ ಒಂದು ಕಪ್ಪು ಪಟ್ಟಿ ಕಾಣಿಸಿತು; ಅದು ಯಾರಿಗೂ ಸೇರದ ಖಾಲಿ ಜಾಗದ ಗುರುತು. ಮಾಸ್ತರರ ನಾಲಿಗೆಯ ಮೇಲೆ ‘ಬಯಲು’ ಎಂಬ ಮಾತು ಬಂದಿತಾದರೂ ಅವರು ಅದನ್ನು ಆಡಲಿಲ್ಲ. ಅಲ್ಲಮಪ್ರಭುಗಳ ಬಯಲು ಬೇರೆ. ಡಿಸ್ಕಿನ ಖಾಲಿ ಜಾಗ ಬೇರೆ. ಹೋಲಿಕೆ ಕಂಡಲ್ಲೆಲ್ಲ ತತ್ತ್ವವನ್ನು ಹೇಳಿಬಿಟ್ಟರೆ ತತ್ತ್ವವೂ ಹಗುರಾಗುತ್ತದೆ, ಕೆಲಸವೂ ಕೆಡುತ್ತದೆ.

ಹೊಸ ಕೋಣೆ ಸಿದ್ಧವಾಯಿತು. ಸಾಧನಗಳು ಅದರೊಳಕ್ಕೆ ಸೇರಿದವು. ನವೀಕರಣವು ತಾನು ಮೊದಲು ನಿಲ್ಲುತ್ತಿದ್ದ ಸ್ಥಳವನ್ನು ದಾಟಿ ಮುಂದೆ ಹೋಯಿತು, ಪೂರ್ಣಗೊಂಡಿತು. ಇಷ್ಟು ದಿನ ಹೆದರಿಸಿದ ಸಂಖ್ಯೆ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಇಲ್ಲಿ ಶರಣಬಂಧುಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗುಂಡಿಯನ್ನು ನೂರು ಸಲ ಒತ್ತಿದ್ದರೂ ಆ ನವೀಕರಣ ಆಗುತ್ತಿರಲಿಲ್ಲ. ಎಲ್ಲವನ್ನೂ ಒರೆಸಿ ಹಾಕಿದ್ದರೆ ಆಗುತ್ತಿತ್ತೇನೋ, ಆದರೆ ಕಾಪಾಡಬೇಕಾದುದೇ ಕಳೆದುಹೋಗುತ್ತಿತ್ತು. ಬರಿಯ ಹಟವೂ ಬರಿಯ ವಿನಾಶವೂ ಅರಿವಿನಿಂದ ದೂರ. ಇವೆರಡರ ನಡುವೆ ಇರುವ ದಾರಿ, ಕಾರಣವನ್ನು ಕಂಡು ಅದಕ್ಕೆ ತಕ್ಕಷ್ಟೇ ಎಡೆ ಮಾಡಿಕೊಡುವುದು. ಮನುಷ್ಯನಲ್ಲಿಯೂ ಹೀಗೆಯೇ. ಒಳ್ಳೆಯ ಮಾತು ಬಾಗಿಲಿಗೆ ಬಂದು ಮರಳಿ ಹೋಗುವುದು ಆ ಮಾತಿನ ದೋಷದಿಂದಲ್ಲ, ಕೇಳುವವನು ಕೆಟ್ಟವನೆಂದೂ ಅಲ್ಲ. ತಿದ್ದಿಕೊಳ್ಳುವುದಕ್ಕೆಂದು ಅವನು ಒಳಗೆ ಜಾಗವನ್ನೇ ಉಳಿಸಿಕೊಂಡಿಲ್ಲದುದರಿಂದ.

ಮಾಸ್ತರರ ಸಂಗ್ರಹದಲ್ಲಿಯೇ ಇದಕ್ಕೆ ನಿದರ್ಶನ ದೊರೆಯಿತು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಕೂಡಿಸುತ್ತಾರೆ. ಆ ಕೂಡಿಕೆಯನ್ನು ಅವರು ‘ಗಂಟು’ ಎಂದು ಬರೆದಿಟ್ಟಿದ್ದರು. ಓಣಿಯ ಒಬ್ಬ ಮುದುಕಿ ಹಿಂದೊಮ್ಮೆ ಅದನ್ನು ಕೇಳಿ ತಲೆಯಾಡಿಸಿದ್ದರು: “ಗಂಟಲ್ರೀ ಮಾಸ್ತರ, ಕುಣಿಕಿ. ಗಂಟು ಬಿಗದ್ರ ಉಬ್ಬತೈತಿ. ಕುಣಿಕಿ ಒಂದನ್ನೊಂದು ಹಿಡಕೊಂಡಿರತೈತಿ.” ಅಂದು ಮಾಸ್ತರರು ಅದನ್ನು ಸೇರಿಸಿರಲಿಲ್ಲ, ಅವರ ಪಟ್ಟಿಯಲ್ಲಿ ಪದಕ್ಕೊಂದು ಅರ್ಥ, ಅರ್ಥಕ್ಕೊಂದು ಅಂಕಣ, ಅಷ್ಟೇ ಇತ್ತು. ಯೂನಿಕೋಡಿನ ಹೊಸ ಪ್ರತಿಯನ್ನು ಸಿದ್ಧಪಡಿಸುವಾಗ ಅವರು ಪ್ರತಿಯೊಂದು ಪದದ ಮುಂದೆ ಇನ್ನೊಂದು ಅಂಕಣವನ್ನು ಬರಿದಾಗಿ ಬಿಡಿಸಿದರು. ಅದಕ್ಕೆ ‘ತಿದ್ದುಪಡಿ’ ಎಂದು ಹೆಸರಿಟ್ಟರು. ಆ ಅಂಕಣದಲ್ಲಿ ಮೊದಲು ಬರೆದ ಪದ ‘ಕುಣಿಕೆ’.

ಯಂತ್ರಗಳಿಗೆ ಆಯುಷ್ಯದ ಮಿತಿಯುಂಟು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ನವೀಕರಣಗಳ ಯೋಜನೆಯೊಂದು ಪ್ರಕಟವಾಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಸಾಧನವೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು; ಮಾಸ್ತರರ ಯಂತ್ರದಲ್ಲಿ ಅವಿಲ್ಲ. ಅವರು ಹೆಚ್ಚುವರಿ ಯೋಜನೆಗೆ ಸೇರಿದರು. ಆದರೆ ಈ ಸಲ ಅವರಲ್ಲಿ ಭಯವಿರಲಿಲ್ಲ. ಬರಹದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಎಂಬ ನಿಯಮವನ್ನು ಅವರು ಪಾಲಿಸುತ್ತಿದ್ದಾರೆ. ಒಂದು ಪ್ರತಿ ಬಾದಾಮಿಯಲ್ಲಿರುವ ಮಗಳ ಮನೆಯಲ್ಲಿದೆ.

ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಬರೆಯಿಸಿದ ಶಾಸನವು ಯಾವ ನವೀಕರಣವೂ ಇಲ್ಲದೆ ನಿಂತಿದೆ. ಆದರೆ ವಚನಗಳು ಬಂಡೆಯ ಮೇಲೆ ಉಳಿದು ಬಂದವಲ್ಲ. ಅವು ತಾಡೋಲೆಯಲ್ಲಿ ಉಳಿದವು. ಒಂದು ಓಲೆ ಶಿಥಿಲವಾಗುವ ಮುನ್ನ ಯಾರೋ ಇನ್ನೊಂದಕ್ಕೆ ಪ್ರತಿ ಮಾಡಿದ್ದರಿಂದ ಉಳಿದವು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಆ ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದಾಗ ಅವು ಓಲೆಯಿಂದ ಕಾಗದಕ್ಕೆ ದಾಟಿದವು. ಇಂದು ಕಾಗದದಿಂದ ಯಂತ್ರಕ್ಕೆ, ಹಳೆಯ ಲಿಪಿಸಂಕೇತದಿಂದ ಹೊಸ ಸಂಕೇತಕ್ಕೆ ದಾಟುತ್ತಿವೆ. ಪ್ರತಿಯೊಂದು ದಾಟುವಿಕೆಯಲ್ಲಿಯೂ ಅಳಿಯುವ ಅಪಾಯವಿದೆ, ಉಳಿಸುವ ಕೈಯೂ ಬೇಕಾಗಿದೆ.

ಆದ್ದರಿಂದ ಮನೆಯ ಗಣಕಯಂತ್ರದಲ್ಲಿ ಹಿರಿಯರ ಮಾತು, ಭಜನೆಯ ಹಾಡು, ವಚನದ ಟಿಪ್ಪಣಿ ಏನಿದ್ದರೂ ಅದರ ಪ್ರತಿಯನ್ನು ಇಂದೇ ತೆಗೆದಿಡುವುದು ಲೇಸು. ದೋಷಸಂದೇಶ ಕಂಡಾಗ ಅಂಜದೆ ಅದರ ಸಂಖ್ಯೆಯನ್ನು ಬರೆದುಕೊಂಡು, ತಿಳಿದವರೊಡನೆ ಕುಳಿತು ಕಾರಣವನ್ನು ನೋಡುವುದು ಲೇಸು. ತಿದ್ದಿಕೊಳ್ಳುವುದಕ್ಕೆ ಯಂತ್ರದಲ್ಲಿಯೂ ಮನದಲ್ಲಿಯೂ ಒಂದಿಷ್ಟು ಜಾಗವನ್ನು ಬಿಟ್ಟಿರುವುದು ಅದಕ್ಕಿಂತಲೂ ಲೇಸು.